ರನ್‌ಲೆವೆಲ್ 2 ಕೊಟ್ಟರೂ ನೆಟ್ ಯಾಕೆ ಹೋಗಲಿಲ್ಲ?

ಪ್ರಶ್ನೆ: ಸರ್, ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ. ಲಿನಕ್ಸ್ ಲ್ಯಾಬ್ ನೋಟ್ಸ್‌ನಲ್ಲಿ 0ರಿಂದ 6ರವರೆಗೆ ಏಳು ರನ್‌ಲೆವೆಲ್ (ಅಂದರೆ ಕಂಪ್ಯೂಟರ್ ಯಾವ ಮೋಡ್‌ನಲ್ಲಿ ಓಡಬೇಕು ಎಂದು ಹೇಳುವ ನಂಬರ್) ಬರೆಸಿದ್ದಾರೆ. 2 ಅಂದರೆ ನೆಟ್‌ವರ್ಕ್ ಇಲ್ಲದ ಮೋಡ್ ಅಂತ ಇದೆ. ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಹಾಕಿದ್ದೇನೆ. ಅದರಲ್ಲಿ 'ಸುಡೊ ಇನಿಟ್ 2' ಕೊಟ್ಟೆ. ಸ್ಕ್ರೀನ್ ಕಪ್ಪಾಗಿ ಬರೀ ಲಾಗಿನ್ ಬಂತು. ಆದರೆ ನೆಟ್ ಕೆಲಸ ಮಾಡ್ತಾನೇ ಇತ್ತು. 'ರನ್‌ಲೆವೆಲ್' ಅಂತ ಟೈಪ್ ಮಾಡಿದರೆ '5 3' ಅಂತ ತೋರಿಸಿತು. ನಾನು ಕೊಟ್ಟಿದ್ದು 2 ಅಲ್ವಾ? ಇನಿಟ್‌ಟ್ಯಾಬ್ ಫೈಲ್ ತಿದ್ದೋಣ ಅಂದರೆ ಆ ಫೈಲೇ ಇಲ್ಲ. ನನ್ನ ಸಿಸ್ಟಮ್ ಹಾಳಾಗಿದೆಯಾ? ಪರೀಕ್ಷೆಗೆ ಏನು ಬರೆಯಲಿ? ಲ್ಯಾಪ್‌ಟಾಪನ್ನು ಯಾವಾಗಲೂ ಟೆಕ್ಸ್ಟ್ ಮೋಡ್‌ನಲ್ಲೇ ಶುರು ಮಾಡಿದರೆ ಸ್ಪೀಡ್ ಆಗುತ್ತಾ? ಕೊನೆಯದಾಗಿ, 4 ಯಾಕೆ ಖಾಲಿ ಬಿಟ್ಟಿದ್ದಾರೆ?

ಉತ್ತರ: ನಿಮ್ಮ ಸಿಸ್ಟಮ್‌ಗೆ ಏನೂ ಆಗಿಲ್ಲ. ಹಳೇದಾಗಿರುವುದು ನೋಟ್ಸ್. ಮೊದಲ ಸಲ ಬರೆದಾಗ ಅದು ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಆಮೇಲೆ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಬಂತು, ಅಷ್ಟರಲ್ಲಿ ಲಿನಕ್ಸೇ ಬದಲಾಗಿಬಿಟ್ಟಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಮಾಡಬೇಕು.

ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಬೋರ್ಡ್‌ನಲ್ಲೇ ಇರುವ ಫರ್ಮ್‌ವೇರ್ ಏಳುತ್ತದೆ, ಅದು ಗ್ರಬ್ ಎಂಬ ಬೂಟ್ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ. ಕರ್ನಲ್ ತನ್ನ ತಯಾರಿ ಮುಗಿಸಿ ಒಂದೇ ಒಂದು ಪ್ರೋಗ್ರಾಮ್ ಶುರು ಮಾಡುತ್ತದೆ. ಅದರ ಪ್ರೋಸೆಸ್ ನಂಬರ್ 1. ಅದೇ ಇನಿಟ್. ಉಳಿದದ್ದೆಲ್ಲ, ಅಂದರೆ ನೆಟ್‌ವರ್ಕ್, ಪ್ರಿಂಟರ್, ಲಾಗಿನ್ ಪರದೆ, ಡೆಸ್ಕ್‌ಟಾಪ್, ಎಲ್ಲವನ್ನೂ ಎಬ್ಬಿಸುವುದು ಈ ನಂಬರ್ 1ರ ಕೆಲಸ. 'ಯಾವ ಮೋಡ್‌ನಲ್ಲಿ ಶುರುವಾಗಲಿ' ಅಂದರೆ 'ನಂಬರ್ 1 ಯಾರ್ಯಾರನ್ನು ಎಬ್ಬಿಸಲಿ, ಯಾರನ್ನು ಮಲಗಲು ಬಿಡಲಿ' ಅಂತ ಅರ್ಥ. ಅಷ್ಟೇ. ಕರ್ನಲ್‌ಗೆ ರನ್‌ಲೆವೆಲ್ ಗೊತ್ತೇ ಇಲ್ಲ. 5 ಆದರೂ 3 ಆದರೂ ಅದು ಒಂದೇ ರೀತಿ ಓಡುತ್ತಿರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 'ಪಿಎಸ್ -ಪಿ 1' ಅಂತ ಕೊಟ್ಟು ನೋಡಿ. ಸಿಸ್ಟಮ್‌ಡಿ ಎಂಬ ಹೆಸರು ಬರುತ್ತದೆ. ನಿಮ್ಮ ನೋಟ್ಸ್ ಬರೆದವರ ಕಂಪ್ಯೂಟರಿನಲ್ಲಿ ಆ ಜಾಗದಲ್ಲಿ ಬೇರೆಯವರು ಕೂತಿದ್ದರು. ಅವರ ಹೆಸರು ಸಿಸ್‌ವಿ ಇನಿಟ್. ಗೊಂದಲ ಶುರುವಾಗುವುದೇ ಅಲ್ಲಿ.

ಸಿಸ್‌ವಿ ಅಂದರೆ ಸಿಸ್ಟಮ್ ಫೈವ್. ಎಟಿ ಅಂಡ್ ಟಿ ಕಂಪನಿ 1983ರಲ್ಲಿ ಹೊರತಂದ ಯೂನಿಕ್ಸ್. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಸಿಸ್ಟಮ್ ಫೈವ್ ರೀತಿಯ ಇನಿಟ್ ಅನ್ನು ಲಿನಕ್ಸಿಗೆ ಬರೆದುಕೊಟ್ಟವರು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್. ಸುಮಾರು ಎರಡು ದಶಕ ಬಹುಪಾಲು ಲಿನಕ್ಸ್ ಆ ಲೆಕ್ಕದಲ್ಲೇ ನಡೆಯಿತು. ಇನಿಟ್‌ಟ್ಯಾಬ್ ಎಂಬ ಒಂದು ಫೈಲ್, ಅದರಲ್ಲಿ 'ಐಡಿ:5:ಇನಿಟ್‌ಡಿಫಾಲ್ಟ್:' ಎಂಬ ಒಂದು ಸಾಲು. ಆ 5 ಇದ್ದ ಕಡೆ 3 ಬರೆದರೆ ಮುಂದಿನ ಸಲ ಟೆಕ್ಸ್ಟ್ ಮೋಡ್.

ಅದರ ಒಳಗಿನ ಕೆಲಸ ತುಂಬಾ ಸರಳ. ಪ್ರತಿ ಲೆವೆಲ್‌ಗೂ ಒಂದು ಫೋಲ್ಡರ್ ಇರುತ್ತಿತ್ತು. ಮೂರನೇ ಲೆವೆಲ್‌ನದು ಆರ್‌ಸಿ3.ಡಿ. ಅದರೊಳಗೆ ಸಾಲು ಸಾಲಾಗಿ ಹೆಸರುಗಳು. ಎಸ್10ನೆಟ್‌ವರ್ಕ್ ಅಂದರೆ ನೆಟ್‌ವರ್ಕನ್ನು ಶುರು ಮಾಡು, ಹತ್ತನೇ ಸರದಿಯಲ್ಲಿ. ಎಸ್ ಬದಲು ಕೆ ಇದ್ದರೆ ನಿಲ್ಲಿಸು. ಮೊದಲು ಕೆಗಳೆಲ್ಲ, ಆಮೇಲೆ ಎಸ್‌ಗಳೆಲ್ಲ, ನಂಬರಿನ ಪ್ರಕಾರ. ಬಾಳೆಲೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಒಂದಾದ ಮೇಲೆ ಒಂದು. ಪಲ್ಯದವರು ತಡ ಮಾಡಿದರೆ ಅನ್ನದವರು ಹಿಂದೆ ಕಾಯುತ್ತಾ ನಿಲ್ಲಬೇಕು. ಆಗಿನ ಕಂಪ್ಯೂಟರ್ ಶುರುವಾಗುವಾಗ ಪರದೆ ಮೇಲೆ ಒಂದೊಂದೇ ಸಾಲು ಬಂದು ಬಲಗಡೆ ಹಸಿರು ಬಣ್ಣದಲ್ಲಿ 'ಓಕೆ' ಬೀಳುತ್ತಿತ್ತು. ನೆಟ್‌ವರ್ಕ್ ಕೇಬಲ್ ಹಾಕಿರದಿದ್ದರೆ ಅಲ್ಲೇ ನಿಂತು ಅಡ್ರೆಸ್‌ಗಾಗಿ ಕಾಯುತ್ತಿತ್ತು. ನಾವು ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದೆವು.

ಈಗ ನಿಮ್ಮ 2ರ ವಿಷಯಕ್ಕೆ ಬರೋಣ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ರೆಡ್ ಹ್ಯಾಟ್ ಎಂಬ ಡಿಸ್ಟ್ರೋದ (ಡಿಸ್ಟ್ರೋ ಅಂದರೆ ಒಬ್ಬೊಬ್ಬರು ಜೋಡಿಸಿ ಕೊಡುವ ಸಿದ್ಧ ಲಿನಕ್ಸ್; ಉಬುಂಟು, ಡೆಬಿಯನ್ ಕೂಡ ಅಂಥವೇ) ಹಳೇ ಇನಿಟ್‌ಟ್ಯಾಬ್ ಫೈಲಿನಲ್ಲೇ ಮೇಲ್ಗಡೆ ಒಂದು ಪುಟ್ಟ ವಿವರಣೆ ಇರುತ್ತಿತ್ತು. ಸೊನ್ನೆ ಅಂದರೆ ನಿಲ್ಲಿಸು, 1 ಅಂದರೆ ಒಬ್ಬರೇ ಬಳಸುವ ಮೋಡ್, 3 ಪೂರ್ತಿ ಬಹುಬಳಕೆದಾರರ ಮೋಡ್, 4 ಬಳಕೆಯಲ್ಲಿಲ್ಲ, 5 ಎಕ್ಸ್11 ಅಂದರೆ ಗ್ರಾಫಿಕ್ಸ್, 6 ರೀಬೂಟ್. 2ರ ಮುಂದೆ ಇದ್ದದ್ದು 'ಬಹುಬಳಕೆದಾರರ ಮೋಡ್, ಎನ್‌ಎಫ್‌ಎಸ್ ಇಲ್ಲದೆ' ಎಂಬ ಮಾತು. ಪಕ್ಕದಲ್ಲೇ ಕಂಸದಲ್ಲಿ 'ನಿಮಗೆ ನೆಟ್‌ವರ್ಕಿಂಗ್ ಇಲ್ಲದಿದ್ದರೆ ಇದೂ 3ರ ಹಾಗೇ' ಅಂತ ಬರೆದಿತ್ತು. ಎನ್‌ಎಫ್‌ಎಸ್ ಅಂದರೆ ಬೇರೆ ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮಲ್ಲಿ ಬಳಸುವ ವ್ಯವಸ್ಥೆ. ಇಡೀ ನೆಟ್‌ವರ್ಕ್ ಅಲ್ಲ. ನೋಟ್ಸ್‌ನಿಂದ ನೋಟ್ಸ್‌ಗೆ ಇಳಿಯುವಾಗ ಎನ್‌ಎಫ್‌ಎಸ್ ಎಂಬ ಪದ ಎಲ್ಲೋ ಉದುರಿಹೋಗಿ 'ನೆಟ್‌ವರ್ಕ್ ಇಲ್ಲದೆ' ಎಂದು ಉಳಿದಿರಬೇಕು. ನನ್ನ ಅನುಮಾನ ಅದು.

ಸರಿ, ರೆಡ್ ಹ್ಯಾಟ್ ಕಥೆ ಅದು. ಡೆಬಿಯನ್ ಕಥೆ ಬೇರೆ. ಡೆಬಿಯನ್‌ನವರು 2ರಿಂದ 5ರವರೆಗೆ ನಾಲ್ಕನ್ನೂ ಒಂದೇ ರೀತಿ ಇಟ್ಟಿದ್ದರು. ಅಲ್ಲಿ ಸುಮ್ನೆ ಶುರುವಾದರೆ ಬರುವುದೇ 2. ಅದರಲ್ಲೇ ಗ್ರಾಫಿಕ್ಸ್, ಅದರಲ್ಲೇ ನೆಟ್. ಸ್ಲಾಕ್‌ವೇರ್‌ನಲ್ಲಿ ಗ್ರಾಫಿಕ್ಸ್‌ಗೆ 5 ಅಲ್ಲ, 4. ಇನ್ನು ಸೋಲಾರಿಸ್ ಯೂನಿಕ್ಸ್‌ಗೆ ಹೋಗಿ 'ಇನಿಟ್ 5' ಕೊಟ್ಟರೆ ಗ್ರಾಫಿಕ್ಸ್ ಬರುವುದಿಲ್ಲ, ಕರೆಂಟೇ ಆಫ್ ಆಗುತ್ತದೆ! ಲಿನಕ್ಸ್ ಅಭ್ಯಾಸದ ಕೈಯಿಂದ ಸೋಲಾರಿಸ್ ಸರ್ವರ್ ಮುಟ್ಟುವವರಿಗೆ ಹಿರಿಯರು ಮೊದಲ ದಿನವೇ ಹೇಳುತ್ತಿದ್ದ ಬುದ್ಧಿಮಾತು ಇದು.

ಅಂದರೆ ಈ ಏಳು ನಂಬರುಗಳಲ್ಲಿ 0, 1, 6 ಬಿಟ್ಟರೆ ಉಳಿದವು ಲಿನಕ್ಸಿನ ನಿಯಮ ಅಲ್ಲ. ಆಯಾ ಡಿಸ್ಟ್ರೋದವರ ಮನೆ ಪದ್ಧತಿ. ಒಂದು ಮನೆಯ ಪದ್ಧತಿಯನ್ನು ನಾವು ಊರಿನ ಕಾನೂನು ಅಂದುಕೊಂಡು ಬಾಯಿಪಾಠ ಮಾಡಿದೆವು.

ಆಮೇಲೆ ಬದಲಾವಣೆ ಬಂತು. 2006ರ ಉಬುಂಟು 6.10ರಲ್ಲಿ ಅಪ್‌ಸ್ಟಾರ್ಟ್ ಎಂಬ ಹೊಸ ಇನಿಟ್ ಬಂತು. ಇನಿಟ್‌ಟ್ಯಾಬ್ ಫೈಲ್ ಉಬುಂಟುನಿಂದ ಮಾಯವಾಗಿದ್ದು ಆಗಲೇ. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಶುರು ಮಾಡಿದರು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದಕ್ಕೆ ಬದಲಾದವು. ಡೆಬಿಯನ್‌ನಲ್ಲಿ ದೊಡ್ಡ ಜಗಳವೇ ಆಯಿತು. ಒಪ್ಪದವರು ಬೇರೆಯಾಗಿ ದೇವುವಾನ್ ಎಂಬ ಇನ್ನೊಂದು ಡಿಸ್ಟ್ರೋ ಕಟ್ಟಿಕೊಂಡರು. ಆ ಜಗಳ ಇಲ್ಲಿ ಬೇಡ. ಎರಡೂ ಕಡೆಯವರ ವಾದದಲ್ಲಿ ಹುರುಳಿದೆ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಸಿಸ್ಟಮ್‌ಡಿ.

ಸಿಸ್ಟಮ್‌ಡಿಯಲ್ಲಿ ನಂಬರ್ ಇಲ್ಲ, ಹೆಸರು ಇದೆ. ಅದಕ್ಕೆ ಟಾರ್ಗೆಟ್ ಅನ್ನುತ್ತಾರೆ. ಗ್ರಾಫಿಕಲ್.ಟಾರ್ಗೆಟ್, ಮಲ್ಟಿ-ಯೂಸರ್.ಟಾರ್ಗೆಟ್, ರೆಸ್ಕ್ಯೂ.ಟಾರ್ಗೆಟ್, ಎಮರ್ಜೆನ್ಸಿ.ಟಾರ್ಗೆಟ್, ಪವರ್‌ಆಫ್.ಟಾರ್ಗೆಟ್, ರೀಬೂಟ್.ಟಾರ್ಗೆಟ್. ಟಾರ್ಗೆಟ್ ತಾನಾಗಿ ಏನೂ ಮಾಡುವುದಿಲ್ಲ. 'ಇವಿಷ್ಟು ಎದ್ದಿದ್ದರೆ ನಾನು ಎದ್ದ ಹಾಗೆ' ಅನ್ನುವ ಒಂದು ಪಟ್ಟಿ, ಅಷ್ಟೇ. ಮತ್ತೆ ಇಲ್ಲಿ ಪಂಕ್ತಿ ಊಟದ ಲೆಕ್ಕ ಇಲ್ಲ. ಇದು ಮದುವೆ ಮನೆಯ ಅಡುಗೆ ಕೋಣೆ, ಐದಾರು ಒಲೆ ಒಟ್ಟಿಗೇ ಉರಿಯುತ್ತಿರುತ್ತವೆ. ಬೇಳೆ ಬೇಯದೆ ಸಾರಿಗೆ ಒಗ್ಗರಣೆ ಹಾಕುವ ಹಾಗಿಲ್ಲ. ಆದರೆ ಪಾಯಸದವರು ಬೇಳೆಗೆ ಯಾಕೆ ಕಾಯಬೇಕು? ಯಾವುದಕ್ಕೆ ಯಾವುದು ಮೊದಲು ಬೇಕು ಅನ್ನುವುದನ್ನು ಮಾತ್ರ ಬರೆದಿಟ್ಟರೆ ಸಾಕು, ಉಳಿದವು ಒಟ್ಟೊಟ್ಟಿಗೇ ಶುರುವಾಗುತ್ತವೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಹಳೇ ಕ್ರಮದಲ್ಲಿ ಕಂಪ್ಯೂಟರ್ ಒಂದು ಹೊತ್ತಿಗೆ ಒಂದೇ ಲೆವೆಲ್‌ನಲ್ಲಿ ಇರುತ್ತಿತ್ತು. 5ರಲ್ಲಿ ಇದ್ದರೆ 3ರಲ್ಲಿ ಇಲ್ಲ. ಟಾರ್ಗೆಟ್‌ಗಳು ಒಂದರ ಮೇಲೊಂದು ಕೂರುತ್ತವೆ. ಗ್ರಾಫಿಕಲ್‌ಗೆ ಮಲ್ಟಿ-ಯೂಸರ್ ಬೇಕು, ಮಲ್ಟಿ-ಯೂಸರ್‌ಗೆ ಬೇಸಿಕ್ ಬೇಕು, ಬೇಸಿಕ್‌ಗೆ ಸಿಸ್‌ಇನಿಟ್ ಬೇಕು. ನೀವು ಡೆಸ್ಕ್‌ಟಾಪ್‌ನಲ್ಲಿ ಕೂತಿದ್ದಾಗ ಇವೆಲ್ಲವೂ ಎದ್ದೇ ಇರುತ್ತವೆ. 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್ಸ್ --ಟೈಪ್=ಟಾರ್ಗೆಟ್' ಅಂತ ಕೊಡಿ, ಉದ್ದದ ಪಟ್ಟಿಯೇ ಬರುತ್ತದೆ. ಹಾಗಾಗಿ 'ಈಗ ಯಾವ ಲೆವೆಲ್' ಎಂಬ ಪ್ರಶ್ನೆಯೇ ಇಲ್ಲಿ ಅಷ್ಟು ಸರಿಹೊಂದುವುದಿಲ್ಲ.

ಹಾಗಾದರೆ ನೀವು ಕೊಟ್ಟ 'ಇನಿಟ್ 2' ಎಲ್ಲಿಗೆ ಹೋಯಿತು? ಹಳಬರ ಕೈ ಅಭ್ಯಾಸ ಕೆಡಬಾರದು ಅಂತ ಸಿಸ್ಟಮ್‌ಡಿಯಲ್ಲಿ ಹಳೇ ನಂಬರುಗಳಿಗೆ ಅಡ್ಡಹೆಸರು ಇಟ್ಟಿದ್ದರು. 0ಕ್ಕೆ ಪವರ್‌ಆಫ್, 1ಕ್ಕೆ ರೆಸ್ಕ್ಯೂ, 5ಕ್ಕೆ ಗ್ರಾಫಿಕಲ್, 6ಕ್ಕೆ ರೀಬೂಟ್. 2, 3, 4 ಮೂರಕ್ಕೂ ಸೇರಿಸಿ ಒಂದೇ ಮಲ್ಟಿ-ಯೂಸರ್. ನೀವು 2 ಅಂದಿರಿ. ಸಿಸ್ಟಮ್‌ಡಿ ಮಲ್ಟಿ-ಯೂಸರ್ ಅಂತ ಅರ್ಥ ಮಾಡಿಕೊಂಡು, ಅದರ ಪಟ್ಟಿಯಲ್ಲಿ ಇಲ್ಲದ ಗ್ರಾಫಿಕ್ಸ್ ಲಾಗಿನ್ ಅನ್ನು ನಿಲ್ಲಿಸಿತು. ಸ್ಕ್ರೀನ್ ಕಪ್ಪಾಗಿದ್ದು ಅದಕ್ಕೆ. ನೆಟ್‌ವರ್ಕ್ ಮ್ಯಾನೇಜರ್ ಮಲ್ಟಿ-ಯೂಸರ್‌ನ ಪಟ್ಟಿಯಲ್ಲೇ ಇರುವುದರಿಂದ ಅದನ್ನು ಮುಟ್ಟಲೇ ಇಲ್ಲ. ಆಮೇಲೆ ನೀವು 'ರನ್‌ಲೆವೆಲ್' ಕೇಳಿದಿರಿ. ಅದು ಎದ್ದಿರುವ ಟಾರ್ಗೆಟ್ ನೋಡಿ ಹಿಂದಕ್ಕೆ ನಂಬರ್ ಲೆಕ್ಕ ಹಾಕುತ್ತದೆ. ಮಲ್ಟಿ-ಯೂಸರ್ ಕಂಡರೆ ಅದು ಹೇಳುವುದು 3. ಮೊದಲು ಇದ್ದದ್ದು 5, ಈಗ 3, ಆದ್ದರಿಂದ '5 3'. ನೀವು ಕೊಟ್ಟ 2 ಎಲ್ಲೂ ಉಳಿಯಲೇ ಇಲ್ಲ. ಕಂಪ್ಯೂಟರ್ ಆಗಷ್ಟೇ ಶುರುವಾದಾಗ ಕೇಳಿದ್ದರೆ 'ಎನ್ 5' ಅನ್ನುತ್ತಿತ್ತು. ಎನ್ ಅಂದರೆ ಹಿಂದಿನದು ಏನೂ ಇಲ್ಲ ಅಂತ.

ಈ ಅಡ್ಡಹೆಸರುಗಳಿಗೂ ಆಯಸ್ಸು ಮುಗಿದಿದೆ. 2025ರಲ್ಲಿ ಬಂದ ಸಿಸ್ಟಮ್‌ಡಿ 258ರಲ್ಲಿ ರನ್‌ಲೆವೆಲ್ ಕಮಾಂಡು, ನಂಬರಿನ ಟಾರ್ಗೆಟ್‌ಗಳು, 'ಇನಿಟ್ 3' ಅಂತ ಹೇಳುವ ದಾರಿ, ಎಲ್ಲವನ್ನೂ ತೆಗೆದುಹಾಕಿದ್ದಾರೆ. ನಿಮ್ಮ 22.04ರಲ್ಲಿ ಇನ್ನೂ ನಡೆಯುತ್ತದೆ. 258 ಅಥವಾ ಅದಕ್ಕಿಂತ ಹೊಸ ಸಿಸ್ಟಮ್‌ಡಿ ಇರುವ ಆವೃತ್ತಿಗೆ ಹೋದ ದಿನ ನಡೆಯುವುದಿಲ್ಲ. ಅಂದಹಾಗೆ, ಡೆಸ್ಕ್‌ಟಾಪ್‌ನಲ್ಲಿ ಫೈಲ್ ತೆರೆದಿಟ್ಟು 'ಇನಿಟ್ 2', 'ಇನಿಟ್ 3' ಅಂತ ಆಡಬೇಡಿ. ಗ್ರಾಫಿಕ್ಸ್ ನಿಂತರೆ ಸೇವ್ ಮಾಡದ ಕೆಲಸವೂ ಅದರ ಜೊತೆ ಹೋಯಿತು.

ಪರೀಕ್ಷೆಗೆ ಏನು ಬರೆಯಬೇಕು ಅಂತ ಕೇಳಿದ್ದೀರಿ. ನೋಟ್ಸ್‌ನಲ್ಲಿರುವ ಏಳೂ ಬರೆಯಿರಿ. ಉತ್ತರ ನೋಡುವವರ ಕೈಯಲ್ಲೂ ಅದೇ ಪಟ್ಟಿ ಇರುತ್ತದೆ, ಸುಮ್ನೆ ಮಾರ್ಕ್ಸ್ ಯಾಕೆ ಕಳೆದುಕೊಳ್ಳುತ್ತೀರಿ? ಆದರೆ 2ರ ಮುಂದೆ 'ನೆಟ್‌ವರ್ಕ್ ಇಲ್ಲ' ಎನ್ನುವ ಬದಲು 'ಎನ್‌ಎಫ್‌ಎಸ್ ಇಲ್ಲ' ಎಂದು ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಇವತ್ತಿನ ಟಾರ್ಗೆಟ್ ಹೆಸರು ಹಾಕಿ. ವೈವಾದಲ್ಲಿ ಕೇಳಿದರೆ ನಿಮ್ಮ '5 3' ಕಥೆ ಹೇಳಿ. ನಾನಾಗಿದ್ದರೆ ಅದಕ್ಕೇ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ.

ಇನ್ನು ಟೆಕ್ಸ್ಟ್ ಮೋಡ್‌ನಲ್ಲೇ ಶುರು ಮಾಡುವ ಯೋಚನೆ. ಮಾಡುವುದು ಸುಲಭ. ಈಗ ಯಾವುದು ಇದೆ ಅಂತ ನೋಡಲು 'ಸಿಸ್ಟಮ್‌ಸಿಟಿಎಲ್ ಗೆಟ್-ಡಿಫಾಲ್ಟ್'. ಬದಲಿಸಲು 'ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್'. ವಾಪಸ್ ಬರಬೇಕಾದರೆ ಕೊನೆಯಲ್ಲಿ ಗ್ರಾಫಿಕಲ್.ಟಾರ್ಗೆಟ್. ಒಳಗೆ ನಡೆಯುವುದು ಇಷ್ಟೇ: ಡಿಫಾಲ್ಟ್.ಟಾರ್ಗೆಟ್ ಎಂಬ ಒಂದು ಲಿಂಕ್ ಇರುತ್ತದೆ, ಅದು ಬೆರಳು ತೋರಿಸುವ ಕಡೆ ಬದಲಾಗುತ್ತದೆ. ಇನಿಟ್‌ಟ್ಯಾಬ್‌ನ ಆ ಒಂದು ಸಾಲಿನ ಕೆಲಸ ಈಗ ಮಾಡುತ್ತಿರುವುದು ಈ ಲಿಂಕ್.

ಆದರೆ ಕಾಯಂ ಬದಲಿಸುವ ಮುಂಚೆ ಒಂದು ಸಲಕ್ಕೆ ಮಾತ್ರ ಮಾಡಿ ನೋಡಿ. ಆನ್ ಮಾಡಿದ ತಕ್ಷಣ ಎಸ್ಕೇಪ್ ಕೀ ಒತ್ತಿ. ತುಂಬಾ ಹಳೇ ಬಯಾಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು ಬರುತ್ತದೆ. ಗಾಬರಿಯಲ್ಲಿ ಎಸ್ಕೇಪ್ ಅನ್ನು ನಾಲ್ಕೈದು ಸಲ ಒತ್ತಿದರೆ ಮೆನು ದಾಟಿ 'ಗ್ರಬ್>' ಅಂತ ಒಂದು ಖಾಲಿ ಪರದೆಗೆ ಬೀಳುತ್ತೀರಿ. ಎಲ್ಲರೂ ಅಲ್ಲಿ ಒಮ್ಮೆಯಾದರೂ ಬಿದ್ದಿರುತ್ತಾರೆ. 'ನಾರ್ಮಲ್' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಮೆನು ಕಡೆಗೆ ವಾಪಸ್. ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು 'ಇ' ಕೀ ಒತ್ತಿ. ಒಂದಷ್ಟು ಸಾಲುಗಳು ತೆರೆದುಕೊಳ್ಳುತ್ತವೆ. 'ಲಿನಕ್ಸ್' ಎಂಬ ಪದದಿಂದ ಶುರುವಾಗುವ ಉದ್ದನೆ ಸಾಲು ಹುಡುಕಿ. ಅದರ ಕೊನೆಯಲ್ಲಿ 'ಕ್ವಯಟ್ ಸ್ಪ್ಲ್ಯಾಶ್' ಅಂತ ಇರುತ್ತದೆ. ಒಂದು ಸ್ಪೇಸ್ ಬಿಟ್ಟು 'ಸಿಸ್ಟಮ್‌ಡಿ.ಯೂನಿಟ್=ಮಲ್ಟಿ-ಯೂಸರ್.ಟಾರ್ಗೆಟ್' ಸೇರಿಸಿ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿ, ಇಲ್ಲವೇ ಎಫ್10. ಇಲ್ಲಿ ತಿದ್ದಿದ್ದು ಈ ಒಂದು ಸಲಕ್ಕೆ ಮಾತ್ರ. ತಪ್ಪಾದರೆ ಆಫ್ ಮಾಡಿ ಆನ್ ಮಾಡಿ, ಎಲ್ಲ ಮೊದಲಿನ ಹಾಗೆ.

ಸ್ಪೀಡ್ ಆಗುತ್ತಾ? ಶುರುವಾಗುವುದು ಬೇಗ ಆಗುತ್ತದೆ. ಮೆಮೊರಿಯೂ ಚೆನ್ನಾಗಿ ಉಳಿಯುತ್ತದೆ. ಆದರೆ ನೀವು ಬ್ರೌಸರ್ ತೆರೆಯಬೇಕು ಅಂದಾಗ ಗ್ರಾಫಿಕ್ಸ್ ಬೇಕೇ ಬೇಕು, ಉಳಿದ ಮೆಮೊರಿ ಅಲ್ಲಿಗೆ ಖರ್ಚಾಯಿತು. ಮೇಷ್ಟ್ರು ಕೊಟ್ಟ ಸಿ ಪ್ರೋಗ್ರಾಮ್ ಬರೆಯಲು, ಶೆಲ್ ಸ್ಕ್ರಿಪ್ಟ್ ಕಲಿಯಲು ಟೆಕ್ಸ್ಟ್ ಮೋಡ್ ಸಾಕು. ಒಳ್ಳೆಯದು ಕೂಡ, ಗಮನ ಅತ್ತಿತ್ತ ಹೋಗುವುದಿಲ್ಲ. ದಿನದ ಬಳಕೆಗೇ ಸ್ಪೀಡ್ ಬೇಕು ಅಂದರೆ ನನ್ನ ಸಲಹೆ ಬೇರೆ. ಗ್ನೋಮ್ ಬದಲು ಹಗುರವಾದ ಡೆಸ್ಕ್‌ಟಾಪ್ ಇರುವ ಲುಬುಂಟು ಅಥವಾ ಕ್ಸುಬುಂಟು ಹಾಕಿಕೊಳ್ಳಿ. ಯಾವುದು ತಡ ಮಾಡುತ್ತಿದೆ ಅಂತ ತಿಳಿಯಲು 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಕೊಡಿ. ಯಾರು ಎಷ್ಟು ಸೆಕೆಂಡ್ ತಿಂದರು ಎಂಬ ಲೆಕ್ಕ ಬರುತ್ತದೆ. ಅದರಲ್ಲೂ ಒಂದು ಎಚ್ಚರ: ಪಟ್ಟಿಯ ಮೇಲೆ ಇದ್ದವರೇ ತಪ್ಪಿತಸ್ಥರು ಅಂತಲ್ಲ. ಒಲೆಗಳು ಒಟ್ಟಿಗೆ ಉರಿಯುತ್ತಿರುವಾಗ ಪಾಯಸಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ಊಟ ತಡವಾಗಿದ್ದು ಸಾರಿನಿಂದ ಇರಬಹುದು. 'ಕ್ರಿಟಿಕಲ್-ಚೈನ್' ಎಂಬ ಇನ್ನೊಂದು ಪದ ಇದೆ, ಬ್ಲೇಮ್ ಬದಲು ಅದನ್ನು ಕೊಟ್ಟರೆ ಯಾರಿಗಾಗಿ ಯಾರು ಕಾದರು ಅನ್ನುವುದು ಗೊತ್ತಾಗುತ್ತದೆ.

ಟೆಕ್ಸ್ಟ್ ಮೋಡ್‌ಗೆ ಹೋಗುವ ಕನ್ನಡದವರಿಗೆ ಒಂದು ಮಾತು. ಆ ಕಪ್ಪು ಪರದೆಗೆ ಕನ್ನಡ ಓದಲು ಬರುವುದಿಲ್ಲ. ಕರ್ನಲ್‌ನ ಆ ಕನ್ಸೋಲ್ ಹೆಚ್ಚೆಂದರೆ 512 ಅಕ್ಷರ ಚಿತ್ರಗಳನ್ನು ಇಟ್ಟುಕೊಳ್ಳಬಲ್ಲದು. ಒತ್ತಕ್ಷರ, ಗುಣಿತ ಜೋಡಿಸುವ ವಿದ್ಯೆ ಅದಕ್ಕೆ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ 'ಅಮ್ಮನ ಫೋಟೋಗಳು' ಅಂತ ಹೆಸರಿಟ್ಟ ಫೋಲ್ಡರ್ ಅಲ್ಲಿ ಸಾಲು ಚೌಕಗಳಾಗಿ ಕಾಣುತ್ತದೆ. ಗಾಬರಿ ಬೇಡ, ಫೋಲ್ಡರ್ ಹಾಗೇ ಇದೆ. ಒಳಗೆ ಹೋಗಬೇಕಾದರೆ ಹೆಸರು ಟೈಪ್ ಮಾಡಲು ಆಗುವುದಿಲ್ಲವಲ್ಲ, 'ಸಿಡಿ' ಬರೆದು ಸ್ಪೇಸ್ ಬಿಟ್ಟು ಟ್ಯಾಬ್ ಒತ್ತಿ. ಒಂದೇ ಫೋಲ್ಡರ್ ಇದ್ದರೆ ತಾನೇ ತುಂಬಿಕೊಳ್ಳುತ್ತದೆ. ವೈಫೈ ಬದಲಿಸಬೇಕಾದರೆ 'ಎನ್‌ಎಂಟಿಯುಐ' ಅಂತ ಕೊಡಿ, ಬಾಣದ ಕೀ ಒತ್ತಿ ಆರಿಸುವ ಪುಟ್ಟ ಮೆನು ಬರುತ್ತದೆ.

ನೀವು ಕೇಳಿಲ್ಲ, ಆದರೂ ರೆಸ್ಕ್ಯೂ ಮತ್ತು ಎಮರ್ಜೆನ್ಸಿ ಬಗ್ಗೆ ಹೇಳದೆ ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಮೋಡ್‌ಗಳ ನಿಜವಾದ ಉಪಯೋಗ ಕಾಣುವುದು ಏನಾದರೂ ಕೆಟ್ಟಾಗ.

ಹಳೇ ಕಾಲದಲ್ಲಿ ಇದಕ್ಕೆ ಇದ್ದದ್ದು ಸಿಂಗಲ್ ಯೂಸರ್ ಮೋಡ್, ಅಂದರೆ 1. ನಾನು ಕಲಿಯುವ ಕಾಲದಲ್ಲಿ ಇನಿಟ್‌ಟ್ಯಾಬ್ ವಿವರಣೆಯಲ್ಲಿ 6ರ ಮುಂದೆ 'ಇದನ್ನು ಡಿಫಾಲ್ಟ್ ಮಾಡಬೇಡಿ' ಅಂತ ಬರೆದಿತ್ತು. ಬೇಡ ಅಂದದ್ದನ್ನೇ ಮಾಡುವ ವಯಸ್ಸು. 6 ಬರೆದೆ. ಕಂಪ್ಯೂಟರ್ ಶುರುವಾಗುತ್ತದೆ, ಅರ್ಧಕ್ಕೇ ರೀಬೂಟ್, ಮತ್ತೆ ಶುರು, ಮತ್ತೆ ರೀಬೂಟ್. ಲ್ಯಾಬ್‌ನಲ್ಲಿ ಎಲ್ಲರೂ ಸುತ್ತ ನಿಂತು ನಗುತ್ತಿದ್ದಾರೆ, ನನಗೆ ಬೆವರು. ಕೊನೆಗೆ ಒಬ್ಬ ಹಿರಿಯರು ಬಂದು ಗ್ರಬ್ ಮೆನುವಿನಲ್ಲಿ 'ಎ' ಒತ್ತಿ, ಸಾಲಿನ ಕೊನೆಗೆ ಸ್ಪೇಸ್ ಕೊಟ್ಟು 1 ಅಂತ ಸೇರಿಸಿ ಎಂಟರ್ ಒತ್ತಿದರು. ಪಾಸ್‌ವರ್ಡ್ ಕೂಡ ಕೇಳದೆ ರೂಟ್ ಶೆಲ್, ಅಂದರೆ ಪೂರ್ತಿ ಅಧಿಕಾರ ಇರುವ ಕಮಾಂಡ್ ಪರದೆ, ಬಂತು. ಇನಿಟ್‌ಟ್ಯಾಬ್ ತಿದ್ದಿದರು, ಹೋದರು. ಬೈಯಲೂ ಇಲ್ಲ.

ಪಾಸ್‌ವರ್ಡ್ ಕೇಳಲಿಲ್ಲ ಅನ್ನುವುದನ್ನು ಗಮನಿಸಿ. ಕೀಬೋರ್ಡ್ ಮುಂದೆ ಕೂತು ಗ್ರಬ್ ಸಾಲು ತಿದ್ದಬಲ್ಲವರು ಕಂಪ್ಯೂಟರಿನ ಯಜಮಾನರಾಗಬಲ್ಲರು. ಇವತ್ತೂ ಅಷ್ಟೇ. ಉಬುಂಟುವಿನ ರಿಕವರಿ ಮೋಡ್ ಕೂಡ ಪಾಸ್‌ವರ್ಡ್ ಇಲ್ಲದೆ ರೂಟ್ ಶೆಲ್ ಕೊಡುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಲಾಗಿನ್ ಪಾಸ್‌ವರ್ಡ್ ಏನೂ ಕಾಪಾಡುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಕಾಪಾಡುತ್ತದೆ.

ಈಗ ರೆಸ್ಕ್ಯೂ ಮತ್ತು ಎಮರ್ಜೆನ್ಸಿ ಎಂದು ಎರಡು ಇವೆ. ರೆಸ್ಕ್ಯೂನಲ್ಲಿ ಡಿಸ್ಕ್‌ಗಳೆಲ್ಲ ಜೋಡಣೆಯಾಗಿರುತ್ತವೆ, ಮೂಲ ಕೆಲಸಗಳು ನಡೆಯುತ್ತಿರುತ್ತವೆ, ನೆಟ್ ಇರುವುದಿಲ್ಲ, ಒಂದು ಶೆಲ್ ಇರುತ್ತದೆ. ಎಮರ್ಜೆನ್ಸಿ ಇನ್ನೂ ಬಡ. ರೂಟ್ ಡಿಸ್ಕ್ ಒಂದೇ, ಅದೂ ಸಾಮಾನ್ಯವಾಗಿ ಓದಲು ಮಾತ್ರ. ರೆಸ್ಕ್ಯೂಗೆ ನಾವಾಗಿ ಹೋಗುತ್ತೇವೆ. ಎಮರ್ಜೆನ್ಸಿ ನಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಹೇಗೆ ಅಂತ ಹೇಳುತ್ತೇನೆ. ಒಂದು ಆಫೀಸಿನಲ್ಲಿ ಬ್ಯಾಕಪ್‌ಗೆ ಯುಎಸ್‌ಬಿ ಡಿಸ್ಕ್ ಜೋಡಿಸಿದ್ದೆ. ಪ್ರತಿ ಸಲ ತಾನಾಗಿ ಬರಲಿ ಅಂತ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಶುರುವಾಗುವಾಗ ಯಾವ್ಯಾವ ಡಿಸ್ಕ್ ಜೋಡಿಸಬೇಕು ಎಂಬ ಪಟ್ಟಿ) ಅದಕ್ಕೊಂದು ಸಾಲು ಬರೆದೆ. ತಿಂಗಳ ಮೇಲೆ ಬೆಳಗ್ಗೆ ಫೋನು: 'ಸರ್, ಕಂಪ್ಯೂಟರ್ ಏಳ್ತಾ ಇಲ್ಲ.' ಹೋಗಿ ನೋಡಿದರೆ ಪರದೆ ಮೇಲೆ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅಂತ ಕೆಂಪು ಚುಕ್ಕಿಗಳು ಆ ಕಡೆ ಈ ಕಡೆ ಓಡಾಡುತ್ತಿವೆ. ಒಂದೂವರೆ ನಿಮಿಷ ಎಣಿಸಿ, ಆಮೇಲೆ 'ಯೂ ಆರ್ ಇನ್ ಎಮರ್ಜೆನ್ಸಿ ಮೋಡ್'. ಡಿಸ್ಕ್ ಕೆಟ್ಟಿತಾ, ಡೇಟಾ ಹೋಯಿತಾ ಅಂತ ಎಲ್ಲರ ಮುಖದಲ್ಲೂ ಭಯ. ಹಿಂದೆ ಬಗ್ಗಿ ನೋಡಿದೆ. ಯಾರೋ ಬ್ಯಾಕಪ್ ಡಿಸ್ಕಿನ ಪ್ಲಗ್ ಕಿತ್ತು ಅಲ್ಲಿ ಮೊಬೈಲ್ ಚಾರ್ಜರ್ ಹಾಕಿದ್ದರು! ನಾನು ಬರೆದ ಸಾಲಿನ ಅರ್ಥ 'ಈ ಡಿಸ್ಕ್ ಇಲ್ಲದೆ ಮುಂದೆ ಹೋಗಬೇಡ' ಅಂತ ಆಗಿತ್ತು. ಸಿಸ್ಟಮ್‌ಡಿ ಅದನ್ನೇ ಪಾಲಿಸಿತು. ತಪ್ಪು ಚಾರ್ಜರ್‌ನವರದಲ್ಲ, ನನ್ನದು. ಆ ಸಾಲಿನ ಆಯ್ಕೆಗಳಲ್ಲಿ 'ನೋಫೇಲ್' ಎಂಬ ಒಂದು ಪದ ಸೇರಿಸಿದ್ದರೆ ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಏಳುತ್ತಿತ್ತು.

ಹಾಗೆ ಸಿಕ್ಕಿಕೊಂಡರೆ ಉಬುಂಟುನಲ್ಲಿ ಎಂಟರ್ ಒತ್ತಿದರೆ ಶೆಲ್ ಸಿಗುತ್ತದೆ. 'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ' ಕೊಟ್ಟು ಕೆಂಪು ಸಾಲುಗಳನ್ನು ಓದಿ. ಎಫ್‌ಎಸ್‌ಟ್ಯಾಬ್ ತೆರೆದು ಅನುಮಾನದ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ. ಸೇವ್ ಆಗದೆ 'ರೀಡ್-ಓನ್ಲಿ' ಅಂದರೆ ಮೊದಲು 'ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /' ಕೊಡಬೇಕು. ಆಮೇಲೆ 'ಸಿಸ್ಟಮ್‌ಸಿಟಿಎಲ್ ರೀಬೂಟ್'. ಫೆಡೋರಾ, ಡೆಬಿಯನ್‌ಗಳಲ್ಲಿ ರೂಟ್‌ಗೆ ಪಾಸ್‌ವರ್ಡ್ ಇಟ್ಟಿರದಿದ್ದರೆ ಇನ್ನೊಂದು ತಮಾಷೆ. 'ರೂಟ್ ಅಕೌಂಟ್ ಲಾಕ್ ಆಗಿದೆ' ಅಂದುಬಿಡುತ್ತದೆ. ಬೆಂಕಿ ಬಿದ್ದಾಗ ಹೊರಗೆ ಹೋಗಲು ಇಟ್ಟ ಬಾಗಿಲಿಗೇ ಬೀಗ. ಆಗ ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಶುರು ಮಾಡಿ ತಿದ್ದುವುದೇ ಸುಲಭದ ದಾರಿ. ದೂರದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಕೂತು ಮಾತ್ರ 'ಸಿಸ್ಟಮ್‌ಸಿಟಿಎಲ್ ರೆಸ್ಕ್ಯೂ' ಕೊಡಬೇಡಿ. ನೆಟ್ ನಿಲ್ಲುತ್ತದೆ, ನೀವು ಕೂತ ಕೊಂಬೆ ನೀವೇ ಕಡಿದ ಹಾಗೆ.

ಉಳಿದದ್ದು 4. ಸಿಸ್‌ವಿ ಕಾಲದಲ್ಲಿ ಅದನ್ನು ಆಯಾ ಊರಿನ ಅಡ್ಮಿನ್‌ಗಳು ತಮಗೆ ಬೇಕಾದ ಹಾಗೆ ಬಳಸಿಕೊಳ್ಳಲಿ ಅಂತ ಬಿಟ್ಟಿದ್ದರು. ಬಳಸಿದವರು ಕಡಿಮೆ. ಈಗ ಒಂದೇ ಖಾಲಿ ಜಾಗ ಅಂತ ಇಲ್ಲ, ಎಷ್ಟು ಬೇಕಾದರೂ ಟಾರ್ಗೆಟ್ ನೀವೇ ಬರೆಯಬಹುದು. ನೋಟ್ಸ್‌ನಲ್ಲಿದ್ದ ನಿಮ್ಮ 'ನೆಟ್ ಇಲ್ಲದ 2' ನಿಜವಾಗಿಯೂ ಬೇಕಾ? ಪರೀಕ್ಷೆ ಸಮಯಕ್ಕೆ ಒಳ್ಳೆಯದೇ. ಐದಾರು ಸಾಲಿನ ಒಂದು ಫೈಲ್ ಸಾಕು. ಬೇಸಿಕ್.ಟಾರ್ಗೆಟ್ ಬೇಕು ಅಂತ ಒಂದು ಸಾಲು, ಟೆಕ್ಸ್ಟ್ ಲಾಗಿನ್ ಕೊಡುವ ಗೆಟ್ಟಿ.ಟಾರ್ಗೆಟ್‌ಗೆ ಒಂದು, 'ಅಲೋಐಸೋಲೇಟ್=ಯೆಸ್' ಅಂತ ಒಂದು (ಇದರಲ್ಲಿ ಮಾತ್ರ ಎ ಮತ್ತು ಐ ಇಂಗ್ಲಿಷಿನ ದೊಡ್ಡ ಅಕ್ಷರ). ನೆಟ್‌ವರ್ಕ್ ಮ್ಯಾನೇಜರ್ ಹೆಸರನ್ನು ಸೇರಿಸದಿದ್ದರೆ ಅದು ನಿಲ್ಲುತ್ತದೆ. ಆದರೆ ಸಿಸ್ಟಮ್‌ಡಿ-ಯೂಸರ್-ಸೆಷನ್ಸ್ ಎಂಬ ಸರ್ವಿಸ್ ಅನ್ನು ಪಟ್ಟಿಗೆ ಸೇರಿಸಲು ಮರೆಯಬೇಡಿ. ಅದು ನಿಂತರೆ ರೂಟ್ ಬಿಟ್ಟು ಬೇರೆ ಯಾರಿಗೂ ಲಾಗಿನ್ ಕೊಡುವುದಿಲ್ಲ, ಉಬುಂಟುನಲ್ಲಿ ರೂಟ್ ಪಾಸ್‌ವರ್ಡ್ ಇರುವುದೂ ಇಲ್ಲ. ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಓಡುವ ನಕಲಿ ಕಂಪ್ಯೂಟರಿನಲ್ಲಿ, ಮಾಡಿ ನೋಡಿ, ಆಮೇಲೆ ಲ್ಯಾಪ್‌ಟಾಪ್ ಮುಟ್ಟಿ.